ಅಳಿಯನ ತೂಕದ ರಾಗಿ

ನಗರಗೆರೆಯ ನರಸಿಂಹಪ್ಪನವರಿಗೆ ಹೊಲ, ತೋಟ, ಎರಡು ಜೊತೆ ಎತ್ತು, ಊರಿನಲ್ಲಿ ಹೆಸರು ಎಲ್ಲವೂ ಇತ್ತು. ಇಲ್ಲದ್ದು ಒಂದೇ, ಅಳಿಯನ ಬಾಯಿಂದ ನಾಲ್ಕು ಮಾತು.

ಅವರಿಗೆ ಗಂಡುಮಕ್ಕಳಿಲ್ಲ. ಒಬ್ಬಳೇ ಮಗಳು ಶ್ಯಾಮಲಳನ್ನು ಶಿಡ್ಲಘಟ್ಟದ ಚನ್ನಕೇಶವನಿಗೆ ಕೊಟ್ಟಿದ್ದರು. ರೇಷ್ಮೆಗೂಡಿನ ವ್ಯಾಪಾರ, ಕೆಟ್ಟ ಚಾಳಿಯಿಲ್ಲದ ಹುಡುಗ, ಮಗಳನ್ನು ಕಣ್ಣಿಗೊತ್ತಿಕೊಂಡು ನೋಡಿಕೊಳ್ಳುತ್ತಿದ್ದ. ಆದರೆ ಮಾವ ಜಗಲಿ ಹತ್ತಿದರೆ ಸಾಕು, ಕೂತಿದ್ದವನು ಧಡಕ್ಕನೆ ಎದ್ದು ನಿಲ್ಲುತ್ತಿದ್ದ. ಕೈಕಟ್ಟಿಕೊಂಡು "ಹೂಂ ಮಾವ", "ಇಲ್ಲ ಮಾವ", "ಆಗ್ಲಿ ಮಾವ". ಊಟಕ್ಕೂ ಅಷ್ಟೇ, ಮಾವ ಉಂಡು ಕೈತೊಳೆದ ಮೇಲೆಯೇ ಅವನ ಎಲೆ. ನರಸಿಂಹಪ್ಪನವರೂ ತಮ್ಮ ಕಾಲದಲ್ಲಿ ತಮ್ಮ ಮಾವನ ಮುಂದೆ ಹಾಗೆಯೇ ಕಂಬದಂತೆ ನಿಂತವರು, ಆದ್ದರಿಂದ ಬೇಡವೆನ್ನಲು ಬಾಯಿಲ್ಲ. ಆದರೂ ಮರ್ಯಾದೆಗೊಂದು ಮಿತಿ ಬೇಡವೇ? ಬರೀ ಮರ್ಯಾದೆ ತಿಂದು ಮನುಷ್ಯ ಎಷ್ಟು ದಿನ ಬದುಕಿಯಾನು!

ಇಂಥ ಸಾಧು ಹುಡುಗ ಒಂದು ಹುಚ್ಚು ಅಂಟಿಸಿಕೊಂಡ. ಕೋಲಾರದ ಚಿನ್ನದ ಗಣಿಯಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಅವನ ಸ್ಪೋರ್ಟ್ಸ್ ಕಾರನ್ನು ಕೊಂಡು ತಂದ. ಹಸಿರು ಬಣ್ಣ, ಇಬ್ಬರಿಗೇ ಜಾಗ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ಊರವರು ಅದಕ್ಕೆ ಮಿಡತೆ ಎಂದು ಹೆಸರಿಟ್ಟರು. ಬೆಂಗಳೂರಿನಾಚೆ, ಯುದ್ಧದ ಕಾಲದಲ್ಲಿ ವಿಮಾನ ಇಳಿಯಲೆಂದು ಹಾಕಿದ್ದ ಸಿಮೆಂಟು ಪಟ್ಟಿಯ ಮೇಲೆ ವರ್ಷಕ್ಕೊಮ್ಮೆ ಕಾರುಗಳ ರೇಸು ನಡೆಯುತ್ತಿತ್ತು. ಹೋದ ವರ್ಷ ಚನ್ನಕೇಶವ ಅಲ್ಲಿಗೆ ಹೋಗಿ, ತಿರುವಿನಲ್ಲಿ ಹುಲ್ಲಿಗೆ ನುಗ್ಗಿ, ಎಲ್ಲರಿಗಿಂತ ಹಿಂದೆ ಬಂದು ನಗೆಪಾಟಲಾಗಿದ್ದ. ಈ ವರ್ಷವೂ ಹಾಗೇ ಆದರೆ ಮಿಡತೆಯನ್ನು ಮಾರಿಬಿಡುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ.

ತಪ್ಪೆಲ್ಲ ಸ್ವೇ ಬಾರಿನದು ಎಂದು ಅವನ ಲೆಕ್ಕಾಚಾರ. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲುತ್ತದಲ್ಲ, ಅದನ್ನು ಹಿಡಿಯಲು ಮುಂದಿನ ಎರಡು ಗಾಲಿಗಳ ನಡುವೆ ಅಡ್ಡಲಾಗಿ ಹಾಕಿದ ಉಕ್ಕಿನ ಸರಳು ಅದು. ಅದರ ತುದಿಗಳನ್ನು ಎರಡೂ ಕಡೆ ಗೇಣುದ್ದದ ಕಡ್ಡಿಗಳಿಂದ ಗಾಲಿಗೆ ಬಿಗಿದಿರುತ್ತಾರೆ. ಚನ್ನಕೇಶವ ಚಿಕ್ಕಬಳ್ಳಾಪುರದಲ್ಲಿ ಲಾರಿಗಳ ಸ್ಪ್ರಿಂಗ್ ಪಟ್ಟಿ ಬಡಿಯುವವರಿಂದ ದಪ್ಪನೆಯ ಸರಳು ಮಾಡಿಸಿ, ಕಡ್ಡಿಗಳಿಗೆ ತಿರುಪು ಹಾಕಿಸಿ, ಉದ್ದ ಹೆಚ್ಚು ಕಡಿಮೆ ಮಾಡಲು ಬರುವಂತೆ ಮಾಡಿಕೊಂಡಿದ್ದ. ಕಡ್ಡಿ ಬಿಗಿಯುವಾಗ ಸ್ಟೇರಿಂಗಿನ ಹಿಂದೆ ಯಾರಾದರೂ ಕೂತಿರಬೇಕು. ಖಾಲಿ ಕಾರಿಗೆ ಬಿಗಿದರೆ, ಓಡಿಸುವವನು ಹತ್ತಿದೊಡನೆ ಆ ಪಕ್ಕ ತಗ್ಗಿ ಸರಳು ನಿಂತಲ್ಲೇ ತಿರುಚಿಕೊಳ್ಳುತ್ತದೆ. ಇಷ್ಟನ್ನು ಅವನು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದ. ಯಾರು ಕೂತಿರಬೇಕು ಎನ್ನುವ ಸಾಲನ್ನು ಮಾತ್ರ ಹಾರಿಸಿ ಓದಿರಬೇಕು.

ಒಂದು ಭಾನುವಾರ ನರಸಿಂಹಪ್ಪನವರು ಅವರೆಕಾಯಿ ಚೀಲ ಹಿಡಿದು ಬಸ್ಸಿಳಿದು ಬಂದಾಗ, ಅಂಗಳದಲ್ಲಿ ಮಿಡತೆಯ ಕೆಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಹೆಜ್ಜೆ ಸದ್ದಿಗೆ ಕಾಲುಗಳ ಒಡೆಯ ಒಳಗಿನಿಂದಲೇ ಕೂಗಿದ.

"ಬಂದ್ಯಾ? ಸ್ಟೇರಿಂಗ್ ಹಿಂದೆ ಒಂಚೂರು ಕೂತ್ಕೊಳೇ, ಪುಣ್ಯ ಬರ್ತದೆ."

ಮಾವ ಸುತ್ತ ನೋಡಿದರು. ಬೇರೆ ಯಾರೂ ಇರಲಿಲ್ಲ. ಪಂಚೆ ಎತ್ತಿ ಕಟ್ಟಿ, ಒಂದೊಂದೇ ಕಾಲು ಇಳಿಸಿ, ಹೊಟ್ಟೆಯನ್ನು ಸ್ಟೇರಿಂಗಿನ ಹಿಂದೆ ತೂರಿಸಿ ಕೂತರು. ಅವರದು ಭಾರಿ ಆಳು. ಮಿಡತೆ ಕಿರ್ ಎಂದು ಬಲಕ್ಕೆ ತಗ್ಗಿತು.

"ನಿಮ್ಮಪ್ಪ ಬರೋ ಹೊತ್ತಾಯ್ತು," ಎಂದಿತು ಕೆಳಗಿನ ದನಿ. "ಅವ್ರ ಮುಂದೆ ನಿಂತ್ರೆ ನನಗೆ ನಾಲಿಗೇನೇ ಹೊರಳಲ್ಲ ಕಣೇ. ಎಷ್ಟೊಂದು ಕೇಳ್ಬೇಕು ಅಂದ್ಕೊಂಡಿರ್ತೀನಿ. ಎತ್ತು ಹೆಂಗೆ ಪಳಗಿಸ್ತಾರೆ, ಚಿಕ್ಕೋರಿದ್ದಾಗ ಗೌರಿಬಿದನೂರು ಸಂತೆಗೆ ಓಟದ ಗಾಡಿ ಹೊಡೀತಿದ್ರಂತಲ್ಲ, ಅದೆಲ್ಲಾ. ಅವ್ರು ಬಂದ ತಕ್ಷಣ ಎಲ್ಲಾ ಮರ್ತೋಗ್ತದೆ."

ನರಸಿಂಹಪ್ಪನವರು ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೂತಲ್ಲಿಂದಲೇ ಹೇಳಿದರು, "ಅದು ಓಟದ ಗಾಡಿಯಲ್ಲ ಅಳಿಯಂದ್ರೇ, ಬರೀ ಸವಾರಿ ಗಾಡಿ. ಎತ್ತು ಮಾತ್ರ ಹುಲಿ."

ಕೆಳಗೆ ಸ್ಪ್ಯಾನರು ಬಿತ್ತು. "ಮಾವ!" ಏಳಲು ಹೋದವನ ತಲೆ ಕಬ್ಬಿಣಕ್ಕೆ ಬಡಿದ ಸದ್ದೂ ಕೇಳಿತು.

"ಏಳ್ಬೇಡಿ, ಮಲಗಿರಿ, ಮಲಗಿರಿ. ನಾನು ಕೂತಿದೀನಿ, ನೀವು ಬಿಗಿ ಮಾಡಿ. ಎತ್ತಿನ ವಿಷ್ಯ ಕೇಳಿದ್ರಲ್ಲ, ಹೇಳ್ತೀನಿ."

ಅಂದು ಶುರುವಾದದ್ದು ಪ್ರತಿ ಭಾನುವಾರದ ಪಾಠವಾಯಿತು. ವಾರವಾರವೂ ಕಡ್ಡಿಗಳನ್ನು ಒಂದಿಷ್ಟು ಹೆಚ್ಚು ಕಡಿಮೆ ಮಾಡಿ ಮತ್ತೆ ಬಿಗಿಯುವುದು; ಅಳಿಯ ಕೆಳಗೆ, ಮಾವ ಮೇಲೆ. ಮುಖ ಕಾಣದಿದ್ದರೆ ಚನ್ನಕೇಶವನ ಬಾಯಿಗೆ ತಡೆಯೇ ಇರಲಿಲ್ಲ. ಗೂಡಿನ ಧಾರಣೆ, ಪೆರೇಸಂದ್ರದ ರಸ್ತೆಯ ತಿರುವು, ಸತ್ತುಹೋದ ತನ್ನ ಅಪ್ಪ, ಎಲ್ಲವನ್ನೂ ಹೇಳುತ್ತಿದ್ದ. ಸರಳು ಏನು ಮಾಡುತ್ತದೆಂದು ವಿವರಿಸಿದಾಗ ಮಾವ, "ನೊಗ ಅನ್ನಿ. ಒಂದು ಎತ್ತು ಕುಸಿದ್ರೆ ಇನ್ನೊಂದರ ಹೆಗಲು ಎಳೀತದೆ," ಎಂದರು. ಅಳಿಯ ಕೆಳಗೇ ನಕ್ಕ. ಆ ನಗು ಕೇಳಲು ನರಸಿಂಹಪ್ಪನವರು ಗೌರಿಬಿದನೂರಿನಲ್ಲೊಂದು, ಚಿಕ್ಕಬಳ್ಳಾಪುರದಲ್ಲೊಂದು ಬಸ್ಸು ಬದಲಿಸಿ ಬರುತ್ತಿದ್ದರು. "ವಾರವಾರ ಬೀಗರ ಮನೆಗೆ ಓಡಿದ್ರೆ ನೋಡಿದೋರು ಏನಂದಾರು?" ಎಂದು ಅವರ ಹೆಂಡತಿ ಚಿಕ್ಕವೆಂಕಟಮ್ಮ ರೇಗಿದರೆ, "ನಾನು ಹೋಗದಿದ್ರೆ ಕಾರು ರಿಪೇರಿ ಆಗಲ್ಲ," ಎನ್ನುತ್ತಿದ್ದರು.

ರೇಸಿಗೆ ವಾರವಿರುವಾಗ ಕಾರನ್ನು ಬೆಂಗಳೂರಿನಾಚೆಯ ಆ ಸಿಮೆಂಟು ಪಟ್ಟಿಯ ಮೇಲೆ ಓಡಿಸಿ ನೋಡಲು ಹೊರಟರು. ಮಾವನೂ ಪಕ್ಕದಲ್ಲಿ ಕೂತು ಹೋದರು. ಅಲ್ಲಿ ಡಾಂಬರು ಡ್ರಮ್ಮುಗಳನ್ನಿಟ್ಟು ತಿರುವು ಮಾಡಿದ್ದರು. ಚನ್ನಕೇಶವ ಒಬ್ಬನೇ ಕೂತು ಓಡಿಸಿದ. ಎಡ ತಿರುವಿನಲ್ಲಿ ಮಿಡತೆ ಕರುವಿನಂತೆ ಚಂಗನೆ ತಿರುಗಿತು. ಬಲ ತಿರುವು ಬಂದಾಗ ಸ್ಟೇರಿಂಗ್ ಎಷ್ಟು ಎಳೆದರೂ ಮೂತಿ ನೇರಕ್ಕೇ ಜಾರಿ ಡ್ರಮ್ಮು ಉರುಳಿಸಿತು. ಮತ್ತೆ ಓಡಿಸಿದರೆ ಮತ್ತೆ ಅದೇ. "ಈ ಕಡೆ ಸಿಮೆಂಟೇ ನುಣುಪು," ಎಂದ ಚನ್ನಕೇಶವ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಬೆಂಗಳೂರಿನ ಮುನಿಶಾಮಿ ಎಂಬಾತ ಅವನ ಗೆಳೆಯ, ಹತ್ತಾರು ರೇಸು ಓಡಿದ ಹಳಬ. ಕಾರು ಓಡಿಸಿ ನೋಡಲು ಬಂದಿದ್ದ ಇತರರ ಜೊತೆ ಅವನೂ ಅಲ್ಲಿದ್ದ; ಬಗ್ಗಿ ಕಾರಿನ ಕೆಳಗೆ ನೋಡಿದ.

"ಸ್ವೇ ಬಾರು ನಿಂತಲ್ಲೇ ತಿರುಚ್ಕೊಂಡಿದೆಯಲ್ಲೋ. ಎಡದ ಗಾಲಿ ಮೇಲೆ ಭಾರ ಹಾಕ್ತಿದೆ, ಬಲದ್ದನ್ನ ಎತ್ತಿ ಹಿಡಿದಿದೆ. ಬಲಕ್ಕೆ ಹೆಂಗೆ ತಿರುಗುತ್ತೆ? ನಿನ್ನ ತೂಕದೋನು ಕೂತಿರ್ಬೇಕಿತ್ತು. ಯಾವ ಆನೆ ಕೂರಿಸ್ಕೊಂಡು ಬಿಗಿ ಮಾಡ್ದೆ?"

ಕಾಫಿ ಫ್ಲಾಸ್ಕು ಹಿಡಿದು ಡ್ರಮ್ಮುಗಳ ಹಿಂದೆ ನಿಂತಿದ್ದ ನರಸಿಂಹಪ್ಪನವರಿಗೆ ಮಾತೆಲ್ಲ ಕೇಳಿಸಿತು. ಅಳಿಯನ ಮುಖ ಕೆಂಪಾದದ್ದೂ ಕಾಣಿಸಿತು.

"ಯಾರೂ ಇಲ್ಲ," ಎಂದ ಚನ್ನಕೇಶವ. "ನಾನೇ ಅಂದಾಜಲ್ಲಿ ಬಿಗಿ ಮಾಡ್ದೆ."

"ಥೂ, ದಡ್ಡ!" ಎಂದು ಮುನಿಶಾಮಿ ಎಲ್ಲರೆದುರಿಗೆ ಬೈದ. ಚನ್ನಕೇಶವ ಬೈಸಿಕೊಂಡು ನಿಂತ.

ಹಿಂತಿರುಗುವ ದಾರಿಯುದ್ದಕ್ಕೂ ನರಸಿಂಹಪ್ಪನವರು ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ಯೋಚಿಸಿದರು. ಮಾವನ ತೂಕದ ಮಾತೆತ್ತುವುದಕ್ಕಿಂತ ದಡ್ಡನೆನಿಸಿಕೊಳ್ಳುವುದೇ ಮೇಲೆಂದು ಹುಡುಗ ಸುಳ್ಳು ಹೇಳಿದ್ದ. ಅದಕ್ಕೆ ಹೆಮ್ಮೆಪಡಬೇಕೋ ಅಳಬೇಕೋ ಅವರಿಗೆ ತಿಳಿಯಲಿಲ್ಲ. ತಾವು ಇನ್ನು ಆ ಸೀಟಿನಲ್ಲಿ ಕೂರಬಾರದು, ಅದು ಖಚಿತ. ಕೂತರೆ ಅವನು ಸೋಲುತ್ತಾನೆ, ಮಿಡತೆ ಹೋಗುತ್ತದೆ. ಕೂರದಿದ್ದರೆ ಭಾನುವಾರದ ಮಾತು ಹೋಗುತ್ತದೆ, ಮತ್ತೆ ಜಗಲಿ, ಕೈಕಟ್ಟು, "ಹೂಂ ಮಾವ". ಊರಿಗೆ ಹೋಗಿಬಿಡೋಣವೆಂದರೆ, ರೇಸು ಮುಗಿಯುವವರೆಗೂ ಇರುತ್ತೇನೆಂದು ತಾವೇ ಮಗಳಿಗೆ ಹೇಳಿಯಾಗಿತ್ತು.

ಬೆಳಗ್ಗೆ ಎದ್ದು ಬಂದರೆ, ಚನ್ನಕೇಶವ ಗೋಣಿ ಹಾಸಿ ಕಾರಿನ ಕೆಳಗೆ ಸೇರಿದ್ದ. ಅಲ್ಲಿಂದ ಎಂದಿನಂತೆ ಕೂಗಿದ. "ಬನ್ನಿ ಮಾವ, ಕೂತ್ಕೊಳ್ಳಿ."

ಮಹಾನುಭಾವ! ಸೋಲುತ್ತೇನೆಂದು ಗೊತ್ತಿದ್ದೂ ಕರೆಯುತ್ತಿದ್ದ.

ನರಸಿಂಹಪ್ಪನವರು ಕೂರಲಿಲ್ಲ. ಅಂಗಳದ ಮೂಲೆಯಲ್ಲಿ ರೇಷ್ಮೆಗೂಡು ತೂಗುವ ದೊಡ್ಡ ತಕ್ಕಡಿ ತೂಗುಹಾಕಿತ್ತು. ಅದರ ಪಕ್ಕಕ್ಕೆ ಹೋಗಿ ನಿಂತರು. ಅಕ್ಕರೆ ಉಕ್ಕಿದಾಗ ಅವರ ಬಾಯಿಗೆ ತೆಲುಗು ಬರುತ್ತಿತ್ತು.

"ರಾ ನಾಯನಾ. ಹೊರಗೆ ಬಾ. ಬಂದು ಈ ತಕ್ಕಡೀಲಿ ಕೂತ್ಕೋ."

"ಯಾಕೆ ಮಾವ?" ಚನ್ನಕೇಶವ ತೆವಳಿ ಬಂದ. ಬಂದವನೇ ಎದ್ದು ಕೈಕಟ್ಟಿದ.

"ಯಾಕೆ ಅಂದ್ರೆ, ಆ ಆನೆ ನಾನೇ ಅಂತ ನನಗೂ ಗೊತ್ತು, ನಿನಗೂ ಗೊತ್ತು. ಶ್ಯಾಮಲಾ, ರಾಗಿ ಮೂಟೆ ತಗೊಂಬಾಮ್ಮ!"

ಚನ್ನಕೇಶವ ತಲೆ ತಗ್ಗಿಸಿದ. "ಹಂಗಲ್ಲ ಮಾವ..." ಎನ್ನುತ್ತ ಕೈಯ ಎಣ್ಣೆಯನ್ನು ಅಂಗಿಗೆ ಒರೆಸಿಕೊಂಡ.

ಹೊರಗೆ ಬಂದ ಶ್ಯಾಮಲ ಸೆರಗು ಬಾಯಿಗಿಟ್ಟು ನಕ್ಕಳು. "ಏನಪ್ಪ, ಅಳಿಯಂಗೆ ತುಲಾಭಾರನಾ?"

"ಹೂಂ ಕಣಮ್ಮ. ಸಕ್ಕರೇಲಿ ತೂಗೋ ಅಷ್ಟು ಸಾಹುಕಾರ ನಾನಲ್ಲ."

ಒಂದು ತಟ್ಟೆಯಲ್ಲಿ ಚನ್ನಕೇಶವ ಮುದುರಿ ಕೂತ. ಇನ್ನೊಂದರಲ್ಲಿ ನರಸಿಂಹಪ್ಪನವರು ಮೂಟೆಯಿಟ್ಟು, ಕಡಿಮೆ ಬಿದ್ದದ್ದಕ್ಕೆ ಇನ್ನೊಂದು ಮೂಟೆಯಿಂದ ಮೊರದಲ್ಲಿ ಮೊಗೆದು ಮೊಗೆದು ರಾಗಿ ಸುರಿದರು. ತಟ್ಟೆ ಸಮಕ್ಕೆ ಬಂದಾಗ ಅವರ ಮನಸ್ಸಿಗೆ ಒಂದು ಚೂರು ಬೇಸರವೇ ಆಯಿತು. ತಮ್ಮ ಜಾಗಕ್ಕೆ ಬರುವವನ ತೂಕ ಇಷ್ಟೇ, ಬಡಕಲು ಹುಡುಗ. ಆ ರಾಗಿಯನ್ನೆಲ್ಲ ಒಂದೇ ಮೂಟೆಯಾಗಿ ಕಟ್ಟಿ ಸ್ಟೇರಿಂಗಿನ ಹಿಂದೆ ಕೂರಿಸಿದರು.

ಚನ್ನಕೇಶವ ಕಾರಿನ ಕೆಳಗೆ ಸೇರಿ ಕಡ್ಡಿಗಳನ್ನು ಸಡಿಲಿಸತೊಡಗಿದ. ನರಸಿಂಹಪ್ಪನವರು ಜಗಲಿಯ ಮೇಲೆ ಕೂತರು. ಮಾಡಲು ಕೆಲಸವಿಲ್ಲ. ಸೀಟಿನಲ್ಲಿ ರಾಗಿ ಮೂಟೆ ಗತ್ತಿನಿಂದ ಕೂತಿತ್ತು. ಅದರ ಮೇಲೆ ಅವರಿಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು. ಕೆಳಗಿನಿಂದ ಮಾತಿಲ್ಲ. ಮೂಟೆಯ ಜೊತೆ ಯಾರು ಮಾತಾಡುತ್ತಾರೆ?

ಆಮೇಲೆ ಕಾರಿನ ಕೆಳಗಿನಿಂದ ಒಂದು ಕೈ ಹೊರಗೆ ಬಂತು. ಪಕ್ಕದ ಗೋಣಿಯನ್ನು ಎಳೆದು ಹಾಸಿ, ಎರಡು ಸಲ ತಟ್ಟಿತು.

"ಮಾವ, ಈ ಕಡ್ಡಿ ಹಿಡ್ಕೊಳ್ಳೋಕೆ ಇನ್ನೊಂದು ಕೈ ಬೇಕು. ಬರ್ತೀರಾ?"

ಬಿಳಿ ಪಂಚೆ, ಬಿಳಿ ಅಂಗಿ, ಎಣ್ಣೆ, ಧೂಳು ಯಾವುದನ್ನೂ ನೋಡದೆ ನರಸಿಂಹಪ್ಪನವರು ನೆಲಕ್ಕೆ ಮಲಗಿ ತೆವಳಿದರು. ಹೊಟ್ಟೆ ಸಿಕ್ಕಿಕೊಂಡಿತು. ಉಸಿರು ಬಿಟ್ಟು ಮತ್ತೆ ತೆವಳಿದರು. ಒಳಗೆ ಇಬ್ಬರ ಮುಖಗಳ ನಡುವೆ ಗೇಣು ಜಾಗ. ಅಳಿಯ ಅಷ್ಟು ಹತ್ತಿರದಿಂದ ಅವರನ್ನು ಎಂದೂ ನೋಡಿರಲಿಲ್ಲ. ಅಭ್ಯಾಸಬಲದಿಂದ ಏಳಲು ಕತ್ತೆತ್ತಿದ, ಆದರೆ ಅಲ್ಲಿ ಏಳಲು ಜಾಗವೆಲ್ಲಿ?

"ಆ ಎತ್ತಿನ ಹೆಸರು ಏನಂದ್ರಿ ಮಾವ?" ಎಂದು ಕಡ್ಡಿ ತಿರುಗಿಸುತ್ತ ಕೇಳಿದ.

ರೇಸಿನಲ್ಲಿ ಮಿಡತೆ ಎಡಕ್ಕೂ ತಿರುಗಿತು, ಬಲಕ್ಕೂ ತಿರುಗಿತು. ಮೊದಲನೆಯದಾಗಿಯೇನೂ ಬರಲಿಲ್ಲ, ಮೂರನೆಯದಾಗಿ ಬಂತು. ಬಲ ತಿರುವಿನಲ್ಲಿ ಅದು ಡ್ರಮ್ಮು ಸವರಿಕೊಂಡು ಹೋದಾಗ, ನರಸಿಂಹಪ್ಪನವರು ಟವೆಲ್ಲು ಬೀಸಿ ಎತ್ತು ಹೊಡೆಯುವವರ ಹಾಗೆ ಕೂಗಿದ್ದು ಎಂಜಿನ್ನಿನ ಸದ್ದನ್ನೂ ಮೀರಿಸಿತ್ತೆಂದು ಮುನಿಶಾಮಿ ಆಮೇಲೆ ಹೇಳಿದ. ಕಾರು ಮಾರುವ ಮಾತನ್ನು ಶ್ಯಾಮಲಳೂ ಮತ್ತೆ ಎತ್ತಲಿಲ್ಲ.

ಮಾರನೆಯ ದಿನ ಅವಳು ಆ ಮೂಟೆಯನ್ನೇ ಬಿಚ್ಚಿ ಹಿಟ್ಟು ಮಾಡಿಸಿ, ಮುದ್ದೆ, ಅವರೆಕಾಳಿನ ಸಾರು ಮಾಡಿದಳು. ನರಸಿಂಹಪ್ಪನವರು ಕೈಕಾಲು ತೊಳೆದು ಒಳಗೆ ಬಂದಾಗ ಚನ್ನಕೇಶವ ಆಗಲೇ ಎಲೆಯ ಮುಂದೆ ಕೂತಿದ್ದ. ಅವರು ಬಾಗಿಲಲ್ಲೇ ನಿಂತರು. ಅವನು ಎದ್ದು ನಿಲ್ಲುತ್ತಾನೆಂದು ಕಾದರು.

ಅವನು ಏಳಲಿಲ್ಲ. ತನ್ನ ಎಲೆಯನ್ನು ಪಕ್ಕಕ್ಕೆ ಸರಿಸಿ, ಇನ್ನೊಂದು ಎಲೆಗೆ ಜಾಗ ಮಾಡಿ, ತಲೆಯೆತ್ತಿ ಅವರ ಮುಖ ನೋಡಿ ಹೇಳಿದ.

"ಬನ್ನಿ ಮಾವ, ಕೂತ್ಕೊಳ್ಳಿ."