ಸೇತುವೆಯ ಎರಡೂ ಕಡೆ ತೆರಿಗೆ

ಲಿನ್ನಿಯಾ ನಿಯೆಮಿಯ ಅಪ್ಪ ಅಮ್ಮ ಬೇರೆಯಾದಾಗ ಎಲ್ಲವನ್ನೂ ನ್ಯಾಯವಾಗಿ ಹಂಚಿಕೊಂಡರು. ಅಪ್ಪ ಡುವೇನ್ ದೋಣಿ ಕಟ್ಟಿಕೊಂಡು ಸೇತುವೆಯ ಆಚೆ, ಮಿನೆಸೋಟದ ಡುಲೂತ್‌ಗೆ ಹೋದ. ಅಮ್ಮ ಮಾರ್ಗಿಟ್ ಮಗ್ಗ ಇಟ್ಟುಕೊಂಡು ಈಚೆ, ವಿಸ್ಕಾನ್ಸಿನ್‌ನ ಸುಪೀರಿಯರ್‌ನಲ್ಲೇ ಉಳಿದಳು. ಮಗಳ ಸರದಿ ಬಂದಾಗ ಮಾತ್ರ ಇಬ್ಬರಿಗೂ ಎಲ್ಲಿಲ್ಲದ ಔದಾರ್ಯ ಬಂತು. "ನಿನ್ನ ಹತ್ರಾನೇ ಇರಲಿ ಬಿಡು" ಎಂದು ಒಬ್ಬರಿಗೊಬ್ಬರು ಬಿಟ್ಟುಕೊಟ್ಟರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಕೂಸು ಬಡವಾಗಿದ್ದು ಜಗಳ ಮುಗಿದ ಮೇಲೆ.

ಈಗ ಅವಳು ಸುಪೀರಿಯರ್‌ನಲ್ಲಿ ಕಾಲೇಜು ಓದುತ್ತಿದ್ದಳು. ಬೇಕರಿಯ ಮೇಲಿನ ಒಂದು ಕೋಣೆಗೆ ತಾನೇ ಬಾಡಿಗೆ ಕಟ್ಟುತ್ತಿದ್ದಳು. ಫೀಸಿಗೆ ತನ್ನ ಹೆಸರಲ್ಲೇ ಸಾಲ ಮಾಡಿದ್ದಳು. ಸಂಜೆ ಹೊತ್ತು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಬೇಸಿಗೆಯಲ್ಲಿ ಡುಲೂತ್‌ನ ಸರೋವರದ ದಂಡೆಯ ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸ. ಆ ದಿನಗಳಲ್ಲಿ ಮಲಗಲು ಅಪ್ಪನ ಮನೆಯ ಸೋಫಾ.

ಏಪ್ರಿಲ್ ಬಂತು, ತೆರಿಗೆ ಲೆಕ್ಕ ಕೊಡುವ ತಿಂಗಳು. ಸಂಬಳ ಎರಡು ರಾಜ್ಯದ್ದು, ತೆರಿಗೆ ಹೇಗೆ ಕಟ್ಟೋದು ಎಂದು ಹೆತ್ತವರನ್ನು ಕೇಳುವ ತಪ್ಪನ್ನು ಲಿನ್ನಿಯಾ ಮಾಡಿದಳು.

ಡುವೇನ್ ಫೋನಿನಲ್ಲಿ ಗಂಟಲು ಸರಿಮಾಡಿಕೊಂಡ. "ಸುಲಭ ಕಣೇ. ಇಲ್ಲಿನ ಸಂಬಳ ಇಲ್ಲಿಗೆ ಹೇಳು, ಅಲ್ಲಿಂದು ಅಲ್ಲಿಗೆ ಹೇಳು. ಐಸ್‌ಕ್ರೀಮಿನ ಸುದ್ದಿ ವಿಸ್ಕಾನ್ಸಿನ್‌ಗೆ ಯಾಕೆ?"

ಮಾರ್ಗಿಟ್‌ಗೆ ಅಷ್ಟು ಯೋಚನೆಯೂ ಬೇಕಾಗಲಿಲ್ಲ. "ಮಿನೆಸೋಟಕ್ಕೆ ಒಂದು ಚೂರು ಕಾಗದಾನೂ ಕಳಿಸ್ಬೇಡ. ನಿಮ್ಮಪ್ಪ ಹುಡುಕ್ಕೊಂಡು ಹೋದ ರಾಜ್ಯ ಅಂದ್ಮೇಲೆ ಅದರ ಯೋಗ್ಯತೆ ಹೇಳ್ಬೇಕಾ?"

ಇಂಥ ಇಬ್ಬರು ಪಂಡಿತರ ಮಗಳಾಗಿ ಹುಟ್ಟಿದ ಪುಣ್ಯಕ್ಕೆ ಲಿನ್ನಿಯಾ ತಾನೇ ಕೂತು ನಿಯಮ ಓದಿದಳು. ಇಬ್ಬರು ಹೇಳಿದ್ದೂ ತಪ್ಪು. ಸ್ವಂತ ರಾಜ್ಯಕ್ಕೆ ಎಲ್ಲೇ ದುಡಿದಿರಲಿ, ಅದನ್ನೆಲ್ಲ ಹೇಳಬೇಕು. ಹೊರಗಿನ ರಾಜ್ಯಕ್ಕೆ ಅಲ್ಲಿ ದುಡಿದದ್ದನ್ನು ಹೇಳಬೇಕು, ದುಡಿಮೆ ತೀರಾ ಕಡಿಮೆಯಾದ್ದರಿಂದ ಸಂಬಳದಲ್ಲಿ ಮೊದಲೇ ಹಿಡಿದುಕೊಂಡ ತೆರಿಗೆ ವಾಪಸು ಬರುತ್ತದೆ. ಸರಿ, ಆದರೆ ಸ್ವಂತ ರಾಜ್ಯ ಯಾವುದು? ಸ್ವಂತ ಮನೆ ಎಲ್ಲಿದೆಯೋ ಅದು.

"ನನ್ನ ಮನೆ ಯಾವ್ದು ಅಂತ ಬರೀಬೇಕಂತೆ" ಎಂದು ಇಬ್ಬರಿಗೂ ಹೇಳಿದಳು ಅಷ್ಟೆ. ಭಾನುವಾರ ಇಬ್ಬರೂ ಅವಳ ಕೋಣೆಯ ಬಾಗಿಲಲ್ಲಿ ಹಾಜರು! ಬಾಡಿಗೆ ಹಿಡಿದಾಗ ಹಾಸಿಗೆ ಹೊತ್ತು ಮೆಟ್ಟಿಲು ಹತ್ತಲು ಒಬ್ಬರಿಗೂ ಬಿಡುವಿರಲಿಲ್ಲ. ಈಗ ಅಮ್ಮನ ಕೈಯಲ್ಲಿ ಓವನ್ನಿನಲ್ಲಿ ಬೇಯಿಸಿದ ಬಿಸಿಬಿಸಿ ಆಲೂಗಡ್ಡೆ ಹಾಟ್‌ಡಿಶ್, ಅಪ್ಪನ ಕೈಯಲ್ಲಿ ಹೊಗೆಯಲ್ಲಿ ಹದಮಾಡಿದ ಮೀನಿನ ಪೊಟ್ಟಣ.

"ನನ್ನ ಮಗಳ ಮನೆ ನನ್ನ ಮನೆ," ಎಂದಳು ಮಾರ್ಗಿಟ್, ಕೋಟು ಬಿಚ್ಚುವ ಮೊದಲೇ.

"ಓಹೋ! ಬೇಸಿಗೆಯೆಲ್ಲಾ ಎಲ್ಲಿದ್ಲಮ್ಮಾ ನಿನ್ನ ಮಗಳು?"

"ನಿನ್ನ ಸೋಫಾ ಮೇಲೆ, ದೊರೆ. ಬೆನ್ನು ನೋವು ಅಂತ ಇನ್ನೂ ಅಳ್ತಾಳೆ."

ಎತ್ತು ಏರಿಗೆ, ಕೋಣ ನೀರಿಗೆ. ಲಿನ್ನಿಯಾ ಸ್ವಲ್ಪ ಹೊತ್ತು ನೋಡಿದಳು. ಸುಳ್ಳೇಕೆ, ಒಂದು ಗಳಿಗೆ ಅವಳಿಗೆ ಸುಖವೂ ಆಯಿತು. ತನಗಾಗಿ ಇವರಿಬ್ಬರೂ ಹೀಗೆ ಕಿತ್ತಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ಅಮ್ಮಾ, ನಿನ್ನ ಮನೇಲಿ ನನ್ನ ಮಂಚ ಎಲ್ಲಿದೆ?" ಎಂದು ಕೇಳಿದಳು.

ಮಾರ್ಗಿಟ್ ತಡವರಿಸಿದಳು. "ಮಂಚ... ಅಲ್ಲಿ ಈಗ ಮಗ್ಗ ಇದೆ. ಸರಿಸಿದ್ರೆ ಜಾಗ ಆಗುತ್ತೆ ಪುಟ್ಟಿ."

"ಅಪ್ಪಾ, ನಿನ್ನ ಮನೇಲಿ?"

"ಸೋಫಾ ಬಿಚ್ಚಿದ್ರೆ ಮಂಚಾನೇ ಅಲ್ವೇನೇ?"

ಅವಳಿಗೆ ಅನುಮಾನ ಬಂತು. "ಸರಿ, ನಿಜ ಹೇಳಿ. ಇದ್ದಕ್ಕಿದ್ದ ಹಾಗೆ ನಾನು ಯಾಕೆ ಇಷ್ಟು ಬೇಕಾದೆ?"

ಡುವೇನ್ ಮೀನಿನ ಪೊಟ್ಟಣದ ದಾರ ಬಿಚ್ಚತೊಡಗಿದ. ಮಾರ್ಗಿಟ್ ಕಿಟಕಿಯಾಚೆ ನೋಡಿದಳು. ಕೊನೆಗೆ ಬಾಯಿಬಿಟ್ಟವಳು ಅವಳೇ. "ನನ್ನ ತೆರಿಗೆ ಲೆಕ್ಕದಲ್ಲಿ ನಿನ್ನನ್ನ ನಾನೇ ಸಾಕ್ತಿದೀನಿ ಅಂತ ಬರೆದು ಕಳಿಸ್ಬಿಟ್ಟಿದೀನಿ. ನೀನು ನನ್ನ ಮನೆಯವಳು ಅಂತಾದ್ರೆ ರಿಯಾಯಿತಿ ಸಿಗುತ್ತಲ್ಲ."

"ನೀನೂನಾ?" ಡುವೇನ್‌ಗೆ ದಾರ ಕೈತಪ್ಪಿತು. "ನಾನೂ ಅದನ್ನೇ ಬರೆದು ಕಳಿಸಿದೀನಲ್ಲೇ, ಮಾರಾಯ್ತಿ!"

ಬೇರೆಯಾದ ಮೇಲೆ ಅವರಿಬ್ಬರೂ ಒಮ್ಮತದಿಂದ ಮಾಡಿದ ಮೊದಲ ಕೆಲಸ ಅದು.

ಲಿನ್ನಿಯಾಳ ಮುಖ ಬಿಸಿಯಾಯಿತು. ಸುಖಪಟ್ಟ ಆ ಗಳಿಗೆಗೆ ನಾಚಿಕೆಯಾಯಿತು. ಆದರೆ ಕೂಗಲಿಲ್ಲ. "ನನ್ನ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ನಾನೇ ನೋಡ್ಕೊಂಡಿದೀನಿ. ಬಾಡಿಗೆ ನಂದು, ಊಟ ನಂದು, ಸಾಲ ನಂದು. ಹಾಗಾದ್ರೆ ಯಾರೂ ಹಂಗೆ ಬರ್ಕೊಳ್ಳೋ ಹಾಗಿಲ್ಲ. ಇಬ್ಬರೂ ತಿದ್ದಿ ಕಳಿಸಿ. ನನ್ನ ಮನೆ ಇದೇ, ಬೇಕರಿ ಮೇಲೆ."

"ಅಂದ್ರೆ ವಿಸ್ಕಾನ್ಸಿನ್!" ಮಾರ್ಗಿಟ್ ಮುಖ ಅರಳಿತು.

"ನಿನ್ನಿಂದಲ್ಲಮ್ಮ. ನನ್ನ ಬಾಡಿಗೆ ಪತ್ರ, ನನ್ನ ಲೈಸೆನ್ಸ್, ನನ್ನ ಓಟು ಇಲ್ಲಿರೋದ್ರಿಂದ."

ಅವಳು ಅವರ ಎದುರೇ ಎರಡೂ ರಾಜ್ಯದ ತೆರಿಗೆ ಲೆಕ್ಕ ತುಂಬಿ ಕಳಿಸಿದಳು. ಮಿನೆಸೋಟ ಹಿಡಿದುಕೊಂಡದ್ದನ್ನು ವಾಪಸು ಕೊಡುತ್ತೇನೆ ಎಂದಿತು. ವಿಸ್ಕಾನ್ಸಿನ್ ಐಸ್‌ಕ್ರೀಮಿನ ಸಂಬಳವನ್ನೂ ಕೂಡಿಸಿಕೊಂಡು ತನ್ನ ಪಾಲು ಕೇಳಿತು. ಕೊಟ್ಟಳು. ಆಮೇಲೆ, ತಮ್ಮದನ್ನು ತಿದ್ದಲಿ ಎಂದು ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದಳು.

ಡುವೇನ್ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದ. ಮಾರ್ಗಿಟ್ ಓದಿ ಹೇಳಿದಳು, ಅವನು ಒತ್ತಿದ. "ಅಲ್ಲಲ್ಲ, ಅದಲ್ಲ, ಕೆಳಗಿಂದು" ಎಂದು ಅವಳು ಗದರಿದಾಗ ಅವನು ಕೆಳಗಿನದನ್ನೇ ಒತ್ತಿದ. ಲಿನ್ನಿಯಾ ಮಂಚದ ಮೇಲೆ ಕಾಲು ಮಡಚಿ ಕೂತು ಹಾಟ್‌ಡಿಶ್‌ನ ಗರಿಗರಿ ಅಂಚನ್ನೆಲ್ಲ ಕೆರೆದು ತಿಂದಳು. ಅವರಿಗೆ ನಡುವಿನ ಮೆತ್ತಗಿನದನ್ನು ಉಳಿಸಿದಳು.