ಬೇರೆ ಮಾತ್ರೆ ಎಂತದ್ದೂ ಇಲ್ಲ

ಕೊಟ್ಟಾರದ ಅಶ್ಮಿತಾ ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತಿದ್ದಳು. ಒಂಬತ್ತು ವರ್ಷಗಳಿಂದ ಬೆಳಿಗ್ಗೆ ಒಂದು, ರಾತ್ರಿ ಒಂದು ಲಿಥಿಯಂ ಮಾತ್ರೆ ನುಂಗುತ್ತಿದ್ದಳು. ಅದಕ್ಕೂ ಮೊದಲು ಎರಡು ಸಲ ಮನಸ್ಸು ಹತೋಟಿ ತಪ್ಪಿ ಆಸ್ಪತ್ರೆ ಸೇರಿದ್ದಳು. ಮಾತ್ರೆ ಸುರುವಾದ ಮೇಲೆ ಒಮ್ಮೆಯೂ ಇಲ್ಲ.

ಆ ಸೋಮವಾರ, ಕಲಿಯುತ್ತಿದ್ದ ನಿರೀಕ್ಷಾ ಕಾರನ್ನು ಬದಿಗೆ ನಿಲ್ಲಿಸಿ ಕೇಳಿದಳು, "ಮೇಡಂ, ನಿಮ್ಮ ಕೈ ಎಂತ ಹೀಗೆ ನಡುಗುವುದು?"

ಕೈ ಮಾತ್ರವಲ್ಲ, ನಾಲಗೆಯೂ ತೊದಲುತ್ತಿತ್ತು. ಮೂರು ದಿನದಿಂದ ಭೇದಿ. ಕಾರಿನಿಂದ ಇಳಿದರೆ ನೆಲ ವಾಲಿದಂತಾಗುತ್ತಿತ್ತು.

ಮನೆಯಲ್ಲಿ ಗಂಡ ಜಿತೇಶ್ ಅವಳ ಮುಖ ನೋಡಿದ್ದೇ ತಾಯಿಯ ಕಡೆ ತಿರುಗಿದ. "ಹಳೆಯದು ಪುನಃ ಸುರು ಆಯ್ತು ಅಮ್ಮ."

"ಹಳೆಯದಲ್ಲ," ಅಂದಳು ಅಶ್ಮಿತಾ. "ಇದು ಬೇರೆಯೇ ಎಂತದೋ. ತಲೆ ಸರಿ ಉಂಟು, ಮೈ ಸರಿ ಇಲ್ಲ."

"ಆಗಲೂ ಹಾಗೇ ಹೇಳ್ತಿದ್ದಿ," ಎನ್ನುತ್ತ ಅತ್ತೆ ಅಕ್ಕು ಉಪ್ಪಿಲ್ಲದ ಗಂಜಿ ತಂದಿಟ್ಟರು. ಮೂರು ವಾರದಿಂದ ಅವಳ ಬಟ್ಟಲಿಗೆ ಉಪ್ಪಿಲ್ಲ, ಉಪ್ಪಿನಕಾಯಿ ಇಲ್ಲ, ಒಣಮೀನಂತೂ ಇಲ್ಲವೇ ಇಲ್ಲ. ಬಿಪಿ ಬಂದಿದೆಯೆಂದು ತೊಕ್ಕೊಟ್ಟಿನ ಡಾಕ್ಟರು ಮಾತ್ರೆ ಬರೆದು, ಉಪ್ಪು ಕಡಿಮೆ ಮಾಡಿ ಎಂದಿದ್ದರು. ಅಕ್ಕು ಪೂರ್ತಿ ನಿಲ್ಲಿಸಿದ್ದರು.

ಜಿತೇಶ್ ಲಿಥಿಯಂ ಡಬ್ಬಿ ತಂದು ಎರಡು ಮಾತ್ರೆ ಅಂಗೈಗೆ ಸುರಿದುಕೊಂಡ. "ಇವತ್ತಿಂದ ಎರಡೆರಡು ತಗೋ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಅಶ್ಮಿತಾ ಅವನ ಕೈಯನ್ನು ತಳ್ಳಿದಳು. ಅಳು ಬಂದರೆ ಕಾಯಿಲೆ, ಜೋರಾಗಿ ನಕ್ಕರೆ ಕಾಯಿಲೆ. ಈಗ ಭೇದಿಯೂ ತಲೆಯಿಂದಲೇ ಬಂತೇ? ಅವಳು ಪರ್ಸ್ ಎತ್ತಿಕೊಂಡು, ಗೋಡೆ ಹಿಡಿದು ನಡೆದು, ಆಟೋ ಹತ್ತಿ ಕಂಕನಾಡಿಯ ಆಸ್ಪತ್ರೆಗೆ ಹೋದಳು.

ಅಲ್ಲಿ ಅವಳನ್ನು ಮೊದಲಿನಿಂದ ನೋಡುತ್ತಿದ್ದ ಮನೋವೈದ್ಯೆ ಎಸ್ತೆರ್ ಅವಳ ನಡಿಗೆ ಕಂಡವರೇ ರಕ್ತ ತೆಗೆಸಿದರು. ವರದಿ ಬಂದಾಗ ಲಿಥಿಯಂ ಇರಬೇಕಾದ್ದರ ಎರಡು ಪಟ್ಟು ಮೀರಿತ್ತು. ಕೂಡಲೇ ದಾಖಲಿಸಿ ಡ್ರಿಪ್ ಹಾಕಿಸಿದರು. ಅಷ್ಟರಲ್ಲಿ ಜಿತೇಶನೂ ಬಂದ.

"ಈ ಬಿಪಿ ಮಾತ್ರೆ ಮೂತ್ರ ಹೆಚ್ಚು ಹೋಗಿಸುವಂಥದ್ದು," ಎಂದರು ಎಸ್ತೆರ್, ಅಶ್ಮಿತಾ ಪರ್ಸಿನಿಂದ ತೆಗೆದುಕೊಟ್ಟ ಚೀಟಿ ನೋಡಿ. "ಇದನ್ನು ತಗೊಂಡರೆ ಲಿಥಿಯಂ ಮೈಯಲ್ಲೇ ಉಳಿದುಬಿಡ್ತದೆ. ಉಪ್ಪು ನಿಲ್ಲಿಸಿದರೂ ಹಾಗೇ. ಮೇಲೆ ಭೇದಿ ಬೇರೆ. ಇನ್ನೂ ಎರಡು ನುಂಗಿದ್ದರೆ ಜೀವಕ್ಕೇ ಅಪಾಯ ಇತ್ತು. ಲಿಥಿಯಂ ತಗೊಳ್ತೀರಿ ಅಂತ ಆ ಡಾಕ್ಟರಿಗೆ ಹೇಳಿರಲಿಲ್ವಾ?"

ಅಶ್ಮಿತಾ ಗಂಡನ ಮುಖ ನೋಡಿದಳು. ಅಂದು ಡಾಕ್ಟರು ಕೇಳಿದ್ದು ಅವಳನ್ನೇ, "ಬೇರೆ ಮಾತ್ರೆ ಉಂಟಾ?" ಅವಳು ಬಾಯಿ ತೆರೆಯುವ ಮೊದಲೇ ಜಿತೇಶ್ ಅಂದಿದ್ದ, "ಎಂತದ್ದೂ ಇಲ್ಲ ಡಾಕ್ಟ್ರೆ." ಆ ಡಾಕ್ಟರು ಅವನ ತಂಗಿಯ ಗಂಡನ ಕಡೆಯವರು.

ಎಸ್ತೆರ್ ಹೊರಗೆ ಹೋದ ಮೇಲೆ ಅವನು ಗೊಣಗಿದ, "ಅವರಿಗೆ ಗೊತ್ತಾದ್ರೆ ತಂಗಿಯ ಮನೆಯಲ್ಲಿ ಎಲ್ಲ ಮಾತಾಡ್ತಿದ್ರು. ನಿನ್ನ ಮರ್ಯಾದೆಗೇ ಹೇಳಿದ್ದು ನಾನು."

"ನನ್ನದಲ್ಲ, ನಿಮ್ಮದು!" ತೊದಲುವ ನಾಲಗೆಯಲ್ಲೇ ಅವಳು ಕೂಗಿದಳು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ನೋಡಲಿ. "ನಿಮ್ಮ ಮರ್ಯಾದೆಗೆ ನಾನು ಸಾಯಬೇಕಿತ್ತಾ? ಹುಚ್ಚಿ ಅಂತ ಊರಿಗೆ ಗೊತ್ತಾದ್ರೆ ನಾಚಿಕೆ, ಹೆಣ ಆದ್ರೆ ನಾಚಿಕೆ ಇಲ್ವಾ?"

ಅವಳಿಗೆ ತನ್ನ ಮೇಲೂ ಸಿಟ್ಟಿತ್ತು. ಬಾಯಿ ನನ್ನದೇ ಇತ್ತಲ್ಲ, ಅಂದು ಯಾಕೆ ಸುಮ್ಮನೆ ಕುಳಿತೆ?

ಐದನೆಯ ದಿನ ಮನೆಗೆ ಕಳಿಸುವಾಗ ಎಸ್ತೆರ್ ಎಚ್ಚರಿಸಿದರು: ಊಟದಲ್ಲಿ ಉಪ್ಪು ಎಂದಿನಷ್ಟೇ ಇರಲಿ, ನೀರು ಚೆನ್ನಾಗಿ ಕುಡಿಯಿರಿ, ಕೇಳದೆ ನೋವಿನ ಮಾತ್ರೆಯನ್ನೂ ನುಂಗಬೇಡಿ.

ಮರುವಾರ ಅಶ್ಮಿತಾ ತೊಕ್ಕೊಟ್ಟಿಗೆ ಒಬ್ಬಳೇ ಹೊರಟಳು. ಜಿತೇಶ್ ಕೇಳದೆಯೇ ಹಿಂದೆ ಬಂದ. ಡಾಕ್ಟರ ಕೋಣೆಯ ಬಾಗಿಲು ತೆರೆದೇ ಇತ್ತು, ಹೊರಗೆ ಬೆಂಚು ತುಂಬ ಜನ. ಅವಳು ದನಿ ತಗ್ಗಿಸಲಿಲ್ಲ.

"ನಾನು ಒಂಬತ್ತು ವರ್ಷದಿಂದ ಲಿಥಿಯಂ ತಗೊಳ್ತೇನೆ ಡಾಕ್ಟ್ರೆ. ಮನಸ್ಸಿನ ಕಾಯಿಲೆಗೆ. ನನ್ನ ಫೈಲಲ್ಲಿ ದೊಡ್ಡದಾಗಿ ಬರೆಯಿರಿ. ಇನ್ನು ನನ್ನನ್ನು ಕೇಳಿದರೆ ನನ್ನ ಉತ್ತರಕ್ಕೇ ಕಾಯಿರಿ."

ಡಾಕ್ಟರು ಪೆನ್ನೆತ್ತಿ ಬರೆದರು, ಎಸ್ತೆರ್ ಅವರಿಗೆ ಫೋನ್ ಮಾಡಿ ಬಿಪಿಗೆ ಬೇರೆ ಮಾತ್ರೆ ಕೊಟ್ಟರು.

ಹೊರಗೆ ಬಂದಾಗ ಜಿತೇಶ್ ಮೆಲ್ಲಗೆ ಕೇಳಿದ, "ಇನ್ನೂ ಕೋಪ ಉಂಟಾ?"

"ಉಂಟು," ಎಂದಳು ಅಶ್ಮಿತಾ, "ತುಂಬ ದಿನ ಇರ್ತದೆ."