ಉಪ್ಪುನೀರು

"ಮನೆಯಲ್ಲಿ ಸೊಪ್ಪು, ತರಕಾರಿ ಚೆನ್ನಾಗಿ ತೊಳೀತೀರಿ ಅಲ್ವಾ?"

ಸರ್ಜನ್ ಉರ್ಸುಲಾ ಮಂಗಳೂರಿನವರು. ಕೇಳಿದ್ದು ಮೆತ್ತಗಿನ ಕನ್ನಡದಲ್ಲೇ. ಆದರೂ ಜಾಹ್ನವಿಯ ಕಿವಿಗೆ ಅದು ಕಾದ ಎಣ್ಣೆಯ ಹಾಗೆ ಬಿತ್ತು. ಹೂಕೋಸನ್ನು ಉಪ್ಪುನೀರಿನಲ್ಲಿ ತಲೆಕೆಳಗಾಗಿ ನೆನೆಸಿಟ್ಟು, ಒಂದೇ ಒಂದು ಹುಳ ತೇಲಿದರೂ ಇಡೀ ಹೂವನ್ನು ಎಸೆಯುವವಳು ಅವಳು. ಕೊಲ್ಲಿನಾಡಿನ ಅಲ್ ಸದ್ದ್ ಬಡಾವಣೆಯ ಅವರ ಕಟ್ಟಡದ ಕನ್ನಡದ ಹೆಂಗಸರು ಕೊತ್ತಂಬರಿ ತೊಳೆಯಲು ಕಲಿತದ್ದೇ ಅವಳಿಂದ. ಅಂಥವಳ ಗಂಡನ ಲಿವರಿನಲ್ಲಿ ಮೋಸಂಬಿ ಗಾತ್ರದ ಹುಳದ ಚೀಲ!

"ಬಿಸಾಡಿದ ಕುರಿ ಲಿವರ್ ಹಸಿಯಾಗಿ ತಿಂದ ನಾಯಿಗಳಲ್ಲಿ ಈ ಹುಳ ಇರ್ತದೆ," ಡಾಕ್ಟರು ಸ್ಕ್ಯಾನ್ ತೋರಿಸಿದರು. "ಅದರ ಮೊಟ್ಟೆ ತೊಳೆಯದ ಸೊಪ್ಪಿನಿಂದ ಬರಬಹುದು, ನಾಯಿ ಮುಟ್ಟಿದ ಕೈಯಿಂದಲೂ ಬರಬಹುದು. ಮನೆಯಲ್ಲಿ ನಾಯಿ ಉಂಟಾ?"

"ನಾಯಿ ಕಂಡರೆ ನಾನು ರಸ್ತೆ ದಾಟಿಬಿಡ್ತೀನಿ," ಎಂದಳು ಜಾಹ್ನವಿ. ಗಂಡ ಚೂಡಾಮಣಿ ಗೋಡೆಯ ಗಡಿಯಾರ ನೋಡುತ್ತಿದ್ದ.

"ಇಷ್ಟು ದೊಡ್ಡದು ಬರೀ ಮಾತ್ರೆಗೆ ಹೋಗುವುದಿಲ್ಲ. ನಾಳೆ ಆಪರೇಷನ್. ಅಲ್ಲಿವರೆಗೆ ಹೊಟ್ಟೆಗೆ ಪೆಟ್ಟು ಬೀಳಬಾರದು. ಒಳಗೇ ಒಡೆದರೆ ಜೀವಕ್ಕೆ ಅಪಾಯ."

ಸಂಜೆ ಕೆಳಗಿನ ಮನೆಯ ಇಂಚರಾ ಫೋನು ಮಾಡಿದಳು. "ಆಂಟಿ, ಈ ಶುಕ್ರವಾರ ಕಟ್ಟಡದವರೆಲ್ಲ ಸೇರೋ ಊಟಕ್ಕೆ ಕೋಸಂಬರಿ ನಾವು ಯಾರಾದ್ರೂ ಮಾಡ್ತೀವಿ. ನೀವು ರೆಸ್ಟ್ ತಗೊಳ್ಳಿ."

ಜಾಹ್ನವಿಗೆ ಆ 'ರೆಸ್ಟ್' ಎಂಬುದರ ಅರ್ಥ ಚೆನ್ನಾಗಿಯೇ ಆಯಿತು. ಅಷ್ಟು ವರ್ಷ ಕಾಪಾಡಿಕೊಂಡು ಬಂದ ಅಡುಗೆಮನೆಯ ಹೆಸರು ಮುಗಿದಂತೆಯೇ.

ಅದೇ ಹೊತ್ತಿಗೆ ಚೂಡಾಮಣಿಯ ಕಂಪನಿಯ ಡ್ರೈವರ್, ಪುತ್ತೂರಿನ ಕಬೀರ್, ಖರ್ಜೂರದ ಪೊಟ್ಟಣ ಹಿಡಿದು ಆಸ್ಪತ್ರೆಗೆ ಬಂದ.

"ನೀವಿಲ್ಲದೆ ಜಾನು ಊಟವೇ ಬಿಟ್ಟಿದೆ ಮಾರಾಯ್ರೆ. ಉಮ್ಮ್ ಸಲಾಲ್‌ನ ನಮ್ಮ ಕೆಲಸದ ಸೈಟಿನ ಗೇಟಿನಲ್ಲಿ ಕೂತು ನಿಮ್ಮ ದಾರಿಯನ್ನೇ ನೋಡ್ತದೆ."

ಜಾನು ಎಂದು ಮದುವೆಯಾದ ಹೊಸದರಲ್ಲಿ ಗಂಡ ಕರೆಯುತ್ತಿದ್ದದ್ದು ಅವಳನ್ನೇ. ಜಾಹ್ನವಿ ಖರ್ಜೂರದ ಪೊಟ್ಟಣಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಆಮೇಲೆ ಆ ಕೊನೆಯ 'ದೆ' ಅಕ್ಷರವನ್ನು ಹಿಡಿದುಕೊಂಡು ತುಸು ಉಸಿರಾಡಿದಳು. ಸದ್ಯ, 'ನೋಡ್ತಾಳೆ' ಎಂದಿರಲಿಲ್ಲ.

"ಯಾರಪ್ಪಾ ಜಾನು?"

"ನಾಯಿ, ಮೇಡಂ. ಕುರಿದೊಡ್ಡಿ ಕಡೆಯಿಂದ ಬರ್ತದೆ. ಸಾರ್ ಎಷ್ಟೋ ವರ್ಷದಿಂದ ಮೊಸರನ್ನ ಹಾಕ್ತಾರೆ, ಮೈ ತಡವಿ ಮಾತಾಡಿಸ್ತಾರೆ. ನಾನು ದೂರದಿಂದ ಹಾಕಿದರೆ ಮೂಸಿ ಸಹ ನೋಡುವುದಿಲ್ಲ."

ಜಾಹ್ನವಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. "ನಾನು ಮನೇಲಿ ಎಲೆ ಎಲೆ ಬಿಡಿಸಿ ಸೊಪ್ಪು ತೊಳೀತಿದ್ದೆ. ನೀವು ಕೈಯನ್ನೇ ತೊಳೀಲಿಲ್ವೇನ್ರೀ?"

"ಜಾನೂ..."

"ಯಾರನ್ನ ಕರೀತಿದ್ದೀರಿ?"

"ಖಲಾಸ್, ನಾನು ಬರ್ತೇನೆ," ಎಂದು ಕಬೀರ್ ಬಾಗಿಲ ಕಡೆ ಸರಿದ.

ಪಕ್ಕದಲ್ಲಿದ್ದ ದಿಂಬು ಅವಳ ಕೈಗೆ ಬಂದೇ ಬಿಟ್ಟಿತ್ತು. ಗಂಡನ ಹೊಟ್ಟೆ ನೋಡಿದಳು. ದಿಂಬನ್ನು ಅವನ ಬೆನ್ನಿಗೆ ಒತ್ತಿಟ್ಟಳು. "ನಾಳೆ ಅದು ಹೊರಗೆ ಬರ್ಲಿ. ಆಮೇಲೆ ಇದೆ ನಿಮಗೆ."

"ಆಪರೇಷನ್ ಮುಂದಕ್ಕೆ ಹಾಕ್ತಾರಾ, ಕೇಳಿ ನೋಡು," ಎಂದ ಚೂಡಾಮಣಿ.

ಮರುದಿನ ಡಾಕ್ಟರು ಹೊರಗೆ ಬರುವಷ್ಟರಲ್ಲಿ ಜಾಹ್ನವಿ ತನ್ನ ಸೆರಗಿನ ಅಂಚನ್ನು ಮುದುರಿ ಮುದುರಿ ಹಗ್ಗ ಮಾಡಿದ್ದಳು. ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯದು.

"ಚೀಲ ಒಡೆಯದೆ ಬಂತು. ಸುತ್ತಲೂ ಗಟ್ಟಿ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ ಹಾಸಿದ್ದೆವು. ಒಂದು ತೊಟ್ಟು ಚೆಲ್ಲಿದರೂ ಹುಳ ಅಲ್ಲೇ ಸಾಯಲಿ ಅಂತ."

"ಉಪ್ಪುನೀರಾ?"

"ಹೌದು."

ಜಾಹ್ನವಿ ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು. ಅಲ್ಲಿಂದಲೇ ಇಂಚರಾಗೆ ಫೋನು ಹಚ್ಚಿದಳು. "ಕೋಸಂಬರಿ ನಾನೇ ಮಾಡ್ತೀನಿ ಕಣೆ. ಡಾಕ್ಟರೂ ನಮ್ಮ ಮನೆ ಥರಾನೇ ಮಾಡೋದಂತೆ."

ಶುಕ್ರವಾರ ಬೆಳಿಗ್ಗೆ ಕಬೀರ್ ಮನೆಯ ಬಾಗಿಲಲ್ಲಿ ಕಾಯುತ್ತಿದ್ದ. ಜಾಹ್ನವಿ ಸಣ್ಣ ಡಬ್ಬಿಯೊಂದಕ್ಕೆ ಮೊಸರನ್ನ ತುಂಬಿ, ಪಶುವೈದ್ಯರು ಕೊಟ್ಟ ಹುಳದ ಮಾತ್ರೆಯನ್ನು ಪುಡಿ ಮಾಡಿ ಕಲಸಿದಳು. ಮುಚ್ಚಳ ಹಾಕಹೋದವಳು ಕೈ ತಡೆದಳು.

"ಒಗ್ಗರಣೆ ಹಾಕಿದ್ದು ತಿನ್ನತ್ತಾ ಅದು?"

"ಸಾರ್ ತರುತ್ತಿದ್ದದ್ದು ನೀವೇ ಕಟ್ಟಿಕೊಟ್ಟ ಬುತ್ತಿ ಅಲ್ವಾ ಮೇಡಂ?"

ಅವಳು ಒಲೆ ಹಚ್ಚಿದಳು. ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿಯತೊಡಗಿತು.